ಯಾರ ಅಪ್ಪಣೆಯ ಕುಣಿತ?

ರಾಮನಗರದ ಬಂಡೆಗಳ ಮೇಲೆ ನಡೆದ ಅತ್ಯಂತ ಪ್ರಸಿದ್ಧ ಹೆಣ್ಣಿನ ಕುಣಿತ ಯಾವುದು ಎಂದು ಕೇಳಿದರೆ ದೇಶದ ಯಾವ ಮೂಲೆಯವರಾದರೂ ಬಸಂತಿಯ ಹೆಸರು ಹೇಳುತ್ತಾರೆ. 1973ರಲ್ಲಿ ಚಿತ್ರೀಕರಣ ಶುರುವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯಲ್ಲಿ ಹೇಮಾಮಾಲಿನಿ ಮಾಡಿದ ಪಾತ್ರ ಅದು. ಡಕಾಯಿತ ಅಪ್ಪಣೆ ಕೊಡುತ್ತಾನೆ. ಅವಳ ಕಾಲು ನಿಂತರೆ ಪ್ರಿಯಕರನ ಪ್ರಾಣ ಹೋಗುತ್ತದೆ. ಉರಿಬಿಸಿಲಲ್ಲಿ, ಒಡೆದ ಗಾಜಿನ ಮೇಲೆ, ಬಂದೂಕುಗಳ ನಡುವೆ ಅವಳು ಕುಣಿಯುತ್ತಾಳೆ. ಅದನ್ನು ಪ್ರೇಮದ ಪರಾಕಾಷ್ಠೆ ಎಂದುಕೊಂಡು ಎರಡು ಮೂರು ತಲೆಮಾರು ಚಪ್ಪಾಳೆ ತಟ್ಟಿದೆ.

ಅದೇ ಕಾಲಕ್ಕೆ, 1974ರಲ್ಲಿ, ಇಟಲಿಯ ನೇಪಲ್ಸ್ ನಗರದಲ್ಲಿ ಮರೀನಾ ಅಬ್ರಾಮೊವಿಚ್ ಎಂಬ ಯುವ ಕಲಾವಿದೆ ಒಂದು ಗ್ಯಾಲರಿಯಲ್ಲಿ ಆರು ಗಂಟೆ ಕಾಲ ಕದಲದೆ ನಿಂತಳು. ಪಕ್ಕದ ಮೇಜಿನ ಮೇಲೆ 72 ವಸ್ತುಗಳಿದ್ದವು: ಗುಲಾಬಿ, ಜೇನುತುಪ್ಪ, ಕತ್ತರಿ, ಚಾಕು, ಒಂದು ಪಿಸ್ತೂಲು, ಅದಕ್ಕೊಂದು ಗುಂಡು. ಬಂದವರು ಇವುಗಳಲ್ಲಿ ಯಾವುದನ್ನು ಬೇಕಾದರೂ ತನ್ನ ಮೈಮೇಲೆ ಬಳಸಬಹುದು, ಹೊಣೆ ತನ್ನದು ಎಂದು ಅವಳೇ ಬರೆದಿಟ್ಟಿದ್ದಳು. ಮೊದಮೊದಲು ಜನ ಸಂಕೋಚದಿಂದಿದ್ದರು. ಹೊತ್ತು ಕಳೆದಂತೆ ಬಟ್ಟೆ ಕತ್ತರಿಸಿದರು, ಚರ್ಮ ಗೀರಿದರು. ಕೊನೆಗೆ ಪಿಸ್ತೂಲು ಅವಳ ಕುತ್ತಿಗೆಯ ಬಳಿಗೂ ಬಂತು. ಆರು ಗಂಟೆ ಮುಗಿದು ಅವಳು ನಡೆಯತೊಡಗಿದಾಗ ಅವಳ ಮುಖ ನೋಡಲಾಗದೆ ಜನ ಜಾಗ ಖಾಲಿ ಮಾಡಿದರು.

ಎರಡು ಕಡೆಯೂ ಬಂದೂಕಿದೆ, ಹೆಣ್ಣಿನ ದೇಹವಿದೆ, ನೋಡುವ ಜನರಿದ್ದಾರೆ. ರಾಮನಗರದ ದೃಶ್ಯದಲ್ಲಿ ಆಟದ ನಿಯಮ ಮಾಡಿದವನು ಗಂಡಸು, ನೋಯುವವಳು ಹೆಣ್ಣು, ಪ್ರೇಕ್ಷಕ ಕುರ್ಚಿಯಲ್ಲಿ ನಿಶ್ಚಿಂತ. ನೇಪಲ್ಸಿನಲ್ಲಿ ನಿಯಮ ಮಾಡಿದವಳು ಅವಳೇ. ಪರೀಕ್ಷೆಗೆ ನಿಂತವರು ನೋಡಲು ಬಂದವರು. ತನ್ನನ್ನು ಸ್ತ್ರೀವಾದಿ ಕಲಾವಿದೆ ಎಂದು ಕರೆಯುವುದನ್ನು ಅಬ್ರಾಮೊವಿಚ್ ಒಪ್ಪಿಲ್ಲ. ಆದರೂ ಕಲಾವಿದೆ ತನ್ನ ದೇಹವನ್ನೇ ಮಾಧ್ಯಮವಾಗಿಸುವ ಸ್ತ್ರೀವಾದಿ ಪರ್ಫಾರ್ಮೆನ್ಸ್ ಕಲೆ ಕೇಳುವ ಮೂಲಪ್ರಶ್ನೆ ಈ ಎರಡು ಚಿತ್ರಗಳ ನಡುವೆ ಸ್ಪಷ್ಟವಾಗಿ ಕಾಣುತ್ತದೆ. ಹೆಣ್ಣು ರಂಗದ ಮೇಲೆ ಇದ್ದಾಳೆಂದ ಮಾತ್ರಕ್ಕೆ ಬಿಡುಗಡೆ ಆಗುವುದಿಲ್ಲ. ಅವಳು ಯಾರ ಅಪ್ಪಣೆಯ ಮೇಲೆ ಅಲ್ಲಿದ್ದಾಳೆ, ಏನು ಮಾಡಬೇಕೆಂದು ಯಾರು ಗೊತ್ತುಮಾಡಿದರು, ನೋಡಿದವರ ಮೇಲೆ ಯಾವ ಹೊಣೆ ಬಿತ್ತು ಎಂಬುದರಲ್ಲಿ ವಿಷಯವಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸಾರ್ವಜನಿಕ ಬದುಕಿಗೆ ಈ ಪ್ರಶ್ನೆಯನ್ನು ಕೇಳಬೇಕು ಎಂಬುದು ನನ್ನ ವಾದ.

ಸ್ತ್ರೀವಾದಿ ಪರ್ಫಾರ್ಮೆನ್ಸ್ ಕಲೆ ಹುಟ್ಟಿದ್ದೇ ಮಹಿಳಾ ಚಳವಳಿಯ ಮಡಿಲಲ್ಲಿ. 1960–70ರ ದಶಕಗಳಲ್ಲಿ ಅಮೆರಿಕದ ಹೆಂಗಸರು ಸಣ್ಣಸಣ್ಣ ಗುಂಪುಗಳಲ್ಲಿ ಕೂತು ತಮ್ಮ ಬದುಕನ್ನು ಹೇಳಿಕೊಳ್ಳತೊಡಗಿದರು. ತನ್ನೊಬ್ಬಳ ಹಣೆಬರಹ ಎಂದುಕೊಂಡಿದ್ದ ಕಷ್ಟ ಎಲ್ಲರ ಮನೆಯಲ್ಲೂ ಇದೆ, ಅದಕ್ಕೊಂದು ವ್ಯವಸ್ಥೆಯಿದೆ ಎಂಬುದು ಹೀಗೆ ಹೊಳೆಯಿತು. 1972ರಲ್ಲಿ ಜೂಡಿ ಶಿಕಾಗೋ ಮತ್ತು ಮಿರಿಯಂ ಶಪೀರೋ ತಮ್ಮ ವಿದ್ಯಾರ್ಥಿನಿಯರ ಜೊತೆ ಲಾಸ್ ಏಂಜಲೀಸಿನ ಒಂದು ಹಾಳು ಮನೆಯನ್ನು ರಿಪೇರಿ ಮಾಡಿ, ಅದರ ಅಡುಗೆಮನೆ, ಬಚ್ಚಲುಮನೆಗಳನ್ನೇ ಕಲಾಕೃತಿಯಾಗಿಸಿದರು. ಅಲ್ಲಿ ಫೇತ್ ವೈಲ್ಡಿಂಗ್ ಕುರ್ಚಿಯಲ್ಲಿ ತೂಗುತ್ತಾ, ತೊಟ್ಟಿಲಿನಿಂದ ಮುಪ್ಪಿನವರೆಗೆ ಹೆಣ್ಣು ಯಾವುದು ಯಾವುದಕ್ಕೆಲ್ಲ ಕಾಯುತ್ತಾಳೆ ಎಂದು ಒಂದೊಂದಾಗಿ ಹೇಳುತ್ತಾ ಹೋದಳು. 1977ರಲ್ಲಿ ಅದೇ ಊರಿನಲ್ಲಿ ಹೆಂಗಸರ ಸರಣಿ ಕೊಲೆಗಳಾಗಿ, ಪತ್ರಿಕೆಗಳು ಅವನ್ನು ರೋಚಕ ಕಥೆ ಮಾಡಿ ಮಾರುತ್ತಿದ್ದಾಗ, ಸುಜಾನ್ ಲೇಸಿ ಮತ್ತು ಲೆಸ್ಲಿ ಲಬೋವಿಟ್ಜ್ ಕಪ್ಪು ಉಡುಗೆಯ ಎತ್ತರದ ಹೆಣ್ಣುಗಳನ್ನು ನಗರಸಭೆಯ ಮೆಟ್ಟಿಲ ಮೇಲೆ ನಿಲ್ಲಿಸಿದರು. ಟಿವಿ ಕ್ಯಾಮೆರಾ ಬಂದೇ ಬರುತ್ತದೆಂದು ಲೆಕ್ಕ ಹಾಕಿಯೇ ಆ ಶೋಕವನ್ನು ಯೋಜಿಸಿದ್ದರು. ಶೋಕದ ಬೆನ್ನಿಗೆ ರೋಷವೂ, ರೋಷದ ಬೆನ್ನಿಗೆ ಬೇಡಿಕೆಯೂ ಬಂತು.

ನಮ್ಮಲ್ಲೂ ಕಥೆ ಬೇರೆಯಲ್ಲ. 1979ರಲ್ಲಿ ದೆಹಲಿಯ ಮಹಿಳಾ ಕಾರ್ಯಕರ್ತರು ವರದಕ್ಷಿಣೆ ಸಾವುಗಳ ವಿರುದ್ಧ ‘ಓಂ ಸ್ವಾಹಾ’ ಬೀದಿನಾಟಕ ಕಟ್ಟಿದರು. ಅದೇ ವರ್ಷ ಬೆಂಗಳೂರಿನಲ್ಲಿ ‘ವಿಮೋಚನಾ’ ಸಂಘಟನೆ ಹುಟ್ಟಿತು. ಕಪ್ಪು ಬಟ್ಟೆ ಉಟ್ಟು ಬೀದಿಬದಿಯಲ್ಲಿ ಮೌನವಾಗಿ ನಿಲ್ಲುವ ಅದರ ಪ್ರತಿಭಟನೆ ಘೋಷಣೆ ಕೂಗದೆಯೂ ದಾರಿಹೋಕರನ್ನು ತಡೆದು ನಿಲ್ಲಿಸಿತು. ಸ್ಟೌ ಸಿಡಿದು ಸತ್ತಳು ಎಂದು ಕಡತದಲ್ಲಿ ಮುಚ್ಚಿಹೋಗುತ್ತಿದ್ದ ಸಾವನ್ನು ಊರೆಲ್ಲ ನೋಡುವ ಜಾಗಕ್ಕೆ ತಂದಿಟ್ಟಿದ್ದು ಇಂಥ ಕೆಲಸ.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಕಡೆ ನೋಡೋಣ. ಇಲ್ಲಿ ರಂಗದ ಹುಚ್ಚಿಗೆ ಬರವಿಲ್ಲ. ಹಬ್ಬ, ಜಾತ್ರೆ ಬಂದರೆ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಏಳುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ದುರ್ಯೋಧನ, ಕರ್ಣ, ಕೃಷ್ಣರ ಪಾತ್ರಕ್ಕೆ ಊರಿನ ಗಂಡಸರು ತಾವೇ ಹಣ ಕಟ್ಟುತ್ತಾರೆ. ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಗದೆ ಹಿಡಿದು ಕಂದಪದ್ಯ ಎತ್ತಿದರೆ ಅವನ ಘನತೆಯೇ ಬೇರೆ. ಇದು ನಿಜಕ್ಕೂ ದೊಡ್ಡ ಸಂಪತ್ತು. ಕೃಷಿಕನೊಬ್ಬ ಒಂದು ರಾತ್ರಿ ಚಕ್ರವರ್ತಿಯಾಗುವ ಅವಕಾಶ.

ಆದರೆ ದ್ರೌಪದಿ, ಕುಂತಿ, ಉತ್ತರೆ, ರುಕ್ಮಿಣಿಯರು ಊರಿನವರಲ್ಲ. ಅವರು ಹೊರಗಿನಿಂದ ಸಂಭಾವನೆಗೆ ಬರುವ ವೃತ್ತಿ ನಟಿಯರು. ಗಂಡಸರು ಹಣ ಕೊಟ್ಟು ಪಾತ್ರ ಮಾಡುತ್ತಾರೆ, ಹೆಂಗಸರು ಹಣ ಪಡೆದು ಪಾತ್ರ ಮಾಡುತ್ತಾರೆ. ಲೆಕ್ಕದಲ್ಲಿ ಸಣ್ಣದಾಗಿ ಕಾಣುವ ಈ ವ್ಯತ್ಯಾಸದಲ್ಲಿ ಊರಿನ ನೈತಿಕ ವ್ಯವಸ್ಥೆ ಪೂರ್ತಿ ಅಡಗಿದೆ. ರಂಗಕ್ಕೆ ಹತ್ತಿದ ಗಂಡಸಿಗೆ ಹಾರ ಬೀಳುತ್ತದೆ, ಮನೆಯವರಿಗೆ ಹೆಮ್ಮೆಯಾಗುತ್ತದೆ. ಮನೆಮಗಳು ರಂಗಕ್ಕೆ ಹತ್ತುವ ಮಾತೆತ್ತಿದರೆ ಮದುವೆಯ ಚಿಂತೆ ಏಳುತ್ತದೆ. ಹೊರಗಿನಿಂದ ಬಂದ ನಟಿ ಆ ರಾತ್ರಿಯ ಅತ್ಯಂತ ನುರಿತ ಕಲಾವಿದೆ. ಹತ್ತಾರು ಊರಿನ ಹತ್ತಾರು ಕೃಷ್ಣರ ಶ್ರುತಿಗೆ ಹೊಂದಿಕೊಂಡು ಹಾಡಬಲ್ಲಳು, ಮಾತು ಮರೆತ ಭೀಮನನ್ನು ದಡ ಮುಟ್ಟಿಸಬಲ್ಲಳು. ಆದರೂ ಅವಳ ಬಗ್ಗೆ ಆಡುವ ಮಾತಿಗೆ, ನೋಡುವ ನೋಟಕ್ಕೆ ಹದ್ದಿಲ್ಲ. ಮುಡಿ ಬಿಚ್ಚಿಕೊಂಡು ನ್ಯಾಯ ಕೇಳುವ ದ್ರೌಪದಿಯನ್ನು ನೋಡಿ ಕಣ್ಣೀರು ಹಾಕುವ ಊರು, ಆ ದ್ರೌಪದಿಯನ್ನು ಆಡಿದವಳಿಗೆ ಬಟ್ಟೆ ಬದಲಿಸಲು ಒಂದು ಭದ್ರವಾದ ಕೋಣೆ ಕೊಡಬೇಕೆಂದು ಯೋಚಿಸುವುದಿಲ್ಲ.

ಕರಗದ ಸಂಗತಿಯೂ ಇಲ್ಲಿ ನೆನಪಾಗಬೇಕು. ಬೆಂಗಳೂರಿನ ಧರ್ಮರಾಯ ದೇವಸ್ಥಾನದ ಕರಗದಲ್ಲಿ ದ್ರೌಪದಿಯನ್ನು ಆದಿಶಕ್ತಿಯಾಗಿ ಆರಾಧಿಸುತ್ತಾರೆ. ಹೆಣ್ಣಿನ ಉಡುಗೆ ತೊಟ್ಟು ಅದನ್ನು ಹೊರುವವರು ಗಂಡಸರು. ರಾಮನಗರದ ಚಾಮುಂಡೇಶ್ವರಿ ಕರಗವನ್ನು ಹೊರುವುದೂ ಗಂಡಸೇ. ನಾನು ಯಾರ ಭಕ್ತಿಯನ್ನೂ ಹಗುರ ಮಾಡುತ್ತಿಲ್ಲ. ಗಂಡು ಹೆಣ್ಣಾಗಿ ರಾತ್ರಿಯಿಡೀ ಬೀದಿ ಸುತ್ತುವ ಆಚರಣೆಯಲ್ಲಿ ಲಿಂಗದ ಗಡಿ ದಾಟುವ ಒಂದು ಅಪರೂಪದ ಸಾಧ್ಯತೆಯೂ ಇದೆ. ಆದರೆ ಹೆಣ್ಣಿನ ಶಕ್ತಿ ಬೀದಿಗೆ ಬರುವುದಕ್ಕೆ ಗಂಡಿನ ಮೈಯೇ ಬೇಕು, ಹೆಣ್ಣು ಆರತಿ ಹಿಡಿದು ಬಾಗಿಲಲ್ಲಿ ನಿಂತರೆ ಸಾಕು ಎಂಬ ಏರ್ಪಾಡನ್ನು ಗಮನಿಸದೆ ಇರಲಾಗದು.

ಈ ಏರ್ಪಾಡು ಬದಲಾಗದ್ದೇನಲ್ಲ. 1958ರಲ್ಲಿ ಮೈಸೂರಿನಲ್ಲಿ ಆರ್. ನಾಗರತ್ನಮ್ಮ ಹೆಂಗಸರೇ ನಡೆಸುವ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸ, ರಾವಣ, ಭೀಮನಂಥ ಪಾತ್ರಗಳನ್ನು ತಾವೇ ಮಾಡಿ ಗಂಡಸರನ್ನೂ ಬೆಚ್ಚಿಬೀಳಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಸಾಧನೆ ಮೀಸೆ ಹಚ್ಚಿದ್ದರಲ್ಲಿ ಮುಗಿಯುವುದಿಲ್ಲ. ಕಂಪನಿಯ ಯಜಮಾನಿಕೆ, ಸಂಬಳದ ಲೆಕ್ಕ, ಪಾತ್ರ ಹಂಚುವ ಅಧಿಕಾರ ಹೆಣ್ಣಿನ ಕೈಗೆ ಬಂದಿದ್ದು ಅದಕ್ಕಿಂತ ದೊಡ್ಡ ಮಾತು.

ದೇಹದ ಮೇಲಿನ ಅಧಿಕಾರ ಯಾರದು ಎಂಬ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುವುದು ಬೆತ್ತಲೆಯ ವಿಚಾರದಲ್ಲಿ. ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಹರಕೆಯ ಹೆಸರಿನಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ಅದಕ್ಕೆ ಸಿಕ್ಕವರಲ್ಲಿ ಬಡವರು, ದಲಿತ ಹೆಣ್ಣುಮಕ್ಕಳೇ ಹೆಚ್ಚು. ದಲಿತ ಸಂಘಟನೆಗಳು, ಪ್ರಗತಿಪರರು ಅದನ್ನು ತಡೆಯಲು ಹೋದಾಗ 1986ರ ಮಾರ್ಚ್‌ನಲ್ಲಿ ದೊಡ್ಡ ಘರ್ಷಣೆಯಾಯಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಇನ್ನೊಂದು ಕಡೆ ಮಣಿಪುರವಿದೆ. 2000ದಲ್ಲಿ ಹೈಸ್ನಾಂ ಕನ್ಹಯ್ಯಲಾಲ್ ನಿರ್ದೇಶಿಸಿದ ‘ದ್ರೌಪದಿ’ ನಾಟಕದಲ್ಲಿ, ಮಹಾಶ್ವೇತಾದೇವಿಯವರ ಕಥೆಯ ಆದಿವಾಸಿ ಹೆಣ್ಣಾಗಿ ಸಾಬಿತ್ರಿ ಹೈಸ್ನಾಂ ರಂಗದ ಮೇಲೆ ಬೆತ್ತಲಾಗಿ ಸೇನಾಧಿಕಾರಿಯನ್ನು ಎದುರಿಸಿದರು. ತೀವ್ರ ಟೀಕೆ ಬಂತು. 2004ರ ಜುಲೈನಲ್ಲಿ ತಂಗಜಂ ಮನೋರಮಾ ಅವರನ್ನು ಭದ್ರತಾ ಪಡೆಯವರು ಮನೆಯಿಂದ ಕರೆದೊಯ್ದ ಬಳಿಕ ಅವರ ಶವ ಸಿಕ್ಕಿತು. ಅದನ್ನು ಪ್ರತಿಭಟಿಸಿ ಜುಲೈ 15ರಂದು ಹನ್ನೆರಡು ಮಂದಿ ತಾಯಂದಿರು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ ಬಟ್ಟೆ ಕಳಚಿ ನಿಂತರು. ಆ ವರ್ಷದ ನವೆಂಬರಿನಲ್ಲಿ, ಅಲ್ಲಿ ಬೀಡುಬಿಟ್ಟಿದ್ದ ಅಸ್ಸಾಂ ರೈಫಲ್ಸ್ ಪಡೆ ಆ ಕೋಟೆಯನ್ನು ಬಿಟ್ಟುಕೊಟ್ಟಿತು.

ನಾಟಕ ನೋಡಿಯೇ ಆ ತಾಯಂದಿರು ಹಾಗೆ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಆದರೆ ರಂಗದ ಮೇಲೆ ಮೊದಲು ಊಹಿಸಿದ್ದು ಬೀದಿಯಲ್ಲಿ ನಿಜವಾಯಿತು. ಚಂದ್ರಗುತ್ತಿ ಮತ್ತು ಕಾಂಗ್ಲಾವನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಬೆತ್ತಲೆ ಎಂಬುದಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ ಎಂಬುದು ತಿಳಿಯುತ್ತದೆ. ಒಂದು ಕಡೆ ಊರು, ಜಾತಿ, ಹರಕೆ ಸೇರಿ ಅವಳ ಬಟ್ಟೆ ಕಳಚಿಸುತ್ತವೆ. ಇನ್ನೊಂದು ಕಡೆ ಹೆಣ್ಣೇ ನಿರ್ಧಾರ ಮಾಡಿ ನಾಚಿಕೆಯನ್ನು ಅದಕ್ಕೆ ಯೋಗ್ಯರಾದವರ ತಲೆಗೆ ದಾಟಿಸುತ್ತಾಳೆ. ದ್ರೌಪದಿಯ ಕಥೆಯನ್ನು ವರ್ಷವರ್ಷವೂ ಆಡುವ ನಮ್ಮ ತಾಲ್ಲೂಕುಗಳು ಈ ದ್ರೌಪದಿಯರನ್ನೂ ಅರಿಯಬೇಕು.

ಬಿಡುಗಡೆಯ ಕಲೆ ಇಷ್ಟು ಉಗ್ರವಾಗಿಯೇ ಇರಬೇಕೆಂದಿಲ್ಲ. ಅದು ಮನೆಗೆಲಸದಿಂದಲೂ ಹುಟ್ಟಬಹುದು. ತಾಯಿಯಾದ ಮೇಲೆ ಕಲೆಗೆ ಸಮಯ ಸಿಗದೆ ಕಂಗೆಟ್ಟ ಅಮೆರಿಕದ ಮಿರ್ಲ್ ಲಾಡರ್‌ಮನ್ ಯೂಕಲೀಸ್ 1969ರಲ್ಲಿ ಒಂದು ಪ್ರಣಾಳಿಕೆ ಬರೆದಳು: ತೊಳೆಯುವುದು, ಗುಡಿಸುವುದು, ಬೇಯಿಸುವುದು, ಸಂಭಾಳಿಸುವುದು ಎಲ್ಲವನ್ನೂ ಇನ್ನು ಕಲೆಯಾಗಿಯೇ ಮಾಡುತ್ತೇನೆ ಎಂದು. 1973ರಲ್ಲಿ ಹಾರ್ಟ್‌ಫರ್ಡ್‌ನ ವಸ್ತುಸಂಗ್ರಹಾಲಯದ ಮೆಟ್ಟಿಲು, ನೆಲಗಳನ್ನು ಗಂಟೆಗಟ್ಟಲೆ ಉಜ್ಜಿ ತೊಳೆದಳು. ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ ಗೌರಿ ಲಂಕೇಶರ ಹತ್ಯೆಯ ನಂತರ ಭಾರತಮಾತೆಯ ವೇಷ ಧರಿಸಿ, ಗೌರಿ ಮಾಡುತ್ತಿದ್ದ ದಿಢೀರ್ ಸಾರನ್ನು ಜನರೆದುರು ಒಲೆಯ ಮೇಲಿಟ್ಟು ಕುದಿಸಿದರು. ಕೈಯಲ್ಲಿ ಸೌಟು ಹಿಡಿದ ಭಾರತಮಾತೆ ಕೊಲೆಯಾದ ಪತ್ರಕರ್ತೆಯ ಸ್ನೇಹ, ಅವಸರ, ಅಡುಗೆಮನೆಗಳನ್ನು ಮತ್ತೆ ಜೀವಂತ ಮಾಡಿದಳು. ಇದೇ ಪುಷ್ಪಮಾಲಾ 2000–2004ರಲ್ಲಿ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ, ದಕ್ಷಿಣ ಭಾರತದ ಹೆಣ್ಣಿನ ಬಗೆಬಗೆಯ ಚಿತ್ರಗಳನ್ನು, ರವಿವರ್ಮನ ಲಕ್ಷ್ಮಿಯಿಂದ ಹಿಡಿದು ಬ್ರಿಟಿಷರು ಅಳತೆಪಟ್ಟಿಯ ಮುಂದೆ ನಿಲ್ಲಿಸಿದ ಬುಡಕಟ್ಟು ಹೆಣ್ಣಿನವರೆಗೆ, ತಮ್ಮ ಮೈಮೇಲೆ ತಾಳಿಕೊಂಡು ಆಡಿ ತೋರಿಸಿದರು. ಹೆಣ್ಣಿನ ಚಿತ್ರ ಹೇಗೆ ತಯಾರಾಗುತ್ತದೆ ಎಂಬುದು ಆ ಸರಣಿಯಲ್ಲಿ ಕಣ್ಣಿಗೆ ಕಟ್ಟುತ್ತದೆ.

ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಕುದಿನೀರಿನಲ್ಲಿ ಬೇಯುವ ಗೂಡಿಗೆ ಕೈಹಾಕಿ ಎಳೆ ಹುಡುಕುವ ಹೆಂಗಸರಿದ್ದಾರೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿದು ಬೊಂಬೆ ಹೊಳೆಯಿಸುವ ಹೆಂಗಸರಿದ್ದಾರೆ. ಅವರು ತೆಗೆದ ನೂಲಿನ ಸೀರೆಗಳನ್ನು, ಹೊಳೆಯಿಸಿದ ಬೊಂಬೆಗಳನ್ನು ಜಗತ್ತು ಮೆಚ್ಚುತ್ತದೆ, ಅವರ ಕೈಯನ್ನು ನೋಡುವುದಿಲ್ಲ. ಬೆಂದ ಬೆರಳನ್ನು, ಬಾಗಿದ ಬೆನ್ನನ್ನು ನೋಡುವಂತೆ ಮಾಡುವ ರಂಗರೂಪವನ್ನು ಆ ಹೆಂಗಸರೇ ಕಟ್ಟಿದರೆ, ಅದು ಯೂಕಲೀಸ್‌ಳ ಕೆಲಸಕ್ಕೆ ಯಾವ ವಿಧದಲ್ಲೂ ಕಡಿಮೆಯಾಗದು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನನ್ನು ಕಲಾವಿದೆ ಎಂದು ಯಾರೂ ಕರೆಯಲಿಲ್ಲ, ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಮಕ್ಕಳಿಲ್ಲ ಎಂದು ಊರು ಆಡಿದ ಮಾತಿಗೆ ಅವರು ಮನೆಯೊಳಗೆ ಕೂತು ಅಳಲಿಲ್ಲ. ಗಂಡ ಚಿಕ್ಕಯ್ಯನ ಜೊತೆ ಹುಲಿಕಲ್–ಕುದೂರು ರಸ್ತೆಯ ಬದಿಗೆ ಆಲದ ಸಸಿ ನೆಟ್ಟು, ನೀರು ಹೊತ್ತು, 385 ಮರ ಬೆಳೆಸಿದರು. ನಿಂದೆ ಹುಟ್ಟಿದ್ದು ಜನರ ಬಾಯಲ್ಲಿ, ಉತ್ತರ ಬೆಳೆದದ್ದು ಜನ ಓಡಾಡುವ ರಸ್ತೆಯಲ್ಲಿ. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ನಾವು ಅವರನ್ನು ಕೊಂಡಾಡಿದ ರೀತಿ ಮಾತ್ರ ಯೋಚನೆಗೆ ಹಚ್ಚುತ್ತದೆ. ಮರಗಳನ್ನೇ ಮಕ್ಕಳೆಂದು ಸಾಕಿದ ತಾಯಿ, ವೃಕ್ಷಮಾತೆ ಎಂದೆವು. ಹೆಣ್ಣು ತಾಯಿಯಾಗದೆಯೂ ಪೂರ್ಣಳು ಎಂದು ಬದುಕಿ ತೋರಿಸಿದವರನ್ನು ಕೊನೆಗೆ ತಾಯ್ತನದ ಚೌಕಟ್ಟಿಗೇ ತಂದು ಕೂರಿಸಿದೆವು. ಬಂಜೆ ಎಂಬ ಬೈಗುಳ ನಮ್ಮ ಹಳ್ಳಿಗಳಲ್ಲಿ ಇನ್ನೂ ಬಳಕೆಯಲ್ಲಿದೆ ಎಂದರೆ ತಿಮ್ಮಕ್ಕ ಕೇಳಿದ ಪ್ರಶ್ನೆಗೆ ನಾವು ಉತ್ತರ ಕೊಟ್ಟಿಲ್ಲ.

ಇದೆಲ್ಲ ಇಂಗ್ಲಿಷ್ ಬಲ್ಲ ನಗರದವರ ಕಲೆ, ಹಳ್ಳಿಯ ಹೆಣ್ಣುಮಕ್ಕಳಿಗೇನು ಸಂಬಂಧ ಎಂದು ಕೇಳುವವರಿದ್ದಾರೆ. ಗ್ಯಾಲರಿಯ ಬಾಗಿಲು ಎಲ್ಲರಿಗೂ ತೆರೆದಿಲ್ಲ ಎಂಬ ದೂರು ಸರಿಯೇ. ಆದರೆ ಈ ಬಗೆಯ ಅಭಿವ್ಯಕ್ತಿಗೆ ಗ್ಯಾಲರಿ ಬೇಕೇಬೇಕೆಂದಿಲ್ಲ. ದು. ಸರಸ್ವತಿಯವರು ‘ಸಣ್ತಿಮ್ಮಿ ರಾಮಾಯಣ’ವನ್ನು ಒಬ್ಬರೇ ಆಡುತ್ತಾರೆ. ನಮ್ಮ ಬಯಲುಸೀಮೆಯ ಹೆಂಗಸಿನ ಆಡುಮಾತಿನಲ್ಲಿ, ಅವಳ ಬದುಕಿನ ಅನುಭವದಿಂದ ರಾಮಾಯಣವನ್ನು ಮತ್ತೆ ಹೇಳುತ್ತಾರೆ. ಅದಕ್ಕೆ ಸೀನರಿ ಬೇಡ, ಕಿರೀಟ ಬೇಡ. ಜೋಗತಿ ಪರಂಪರೆಯ, ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ನೀವಾಳಿಸಿದರು. ರಾಷ್ಟ್ರಪತಿ ಭವನದ ಶಿಷ್ಟಾಚಾರದೊಳಗೆ ಊರು ಹೊರಗಿಟ್ಟವರ ಆಶೀರ್ವಾದ ಹೀಗೆ ನಡೆದುಬಂತು. ಲಿಂಗತ್ವ ಅಲ್ಪಸಂಖ್ಯಾತರನ್ನು ಕಂಡರೆ ಮುಖ ತಿರುಗಿಸುವ ಸಮಾಜ ಅಂದು ಟಿವಿಯ ಮುಂದೆ ಕಣ್ಣರಳಿಸಿ ಕೂತಿತ್ತು. ಇದಕ್ಕಿಂತ ದೇಸಿಯಾದ ಉದಾಹರಣೆ ಬೇಕೆ?

ಕೂಲಿ, ಕಾನೂನು, ಭೂಮಿಯ ಹಕ್ಕು ಬೇಕಾದಾಗ ಕಲೆಯ ಮಾತೇಕೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. 2016ರ ಏಪ್ರಿಲ್ 18, 19ರಂದು ಭವಿಷ್ಯನಿಧಿ ಹಿಂತೆಗೆತಕ್ಕೆ ಕೇಂದ್ರ ಸರ್ಕಾರ ತಂದ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು. ದೊಡ್ಡ ನಾಯಕರ ಕರೆಗೆ ಅವರು ಕಾಯಲಿಲ್ಲ. ಎರಡನೇ ದಿನವೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳ ಒಲೆ ಉರಿಯುವುದು ಇಂಥ ಕಾರ್ಖಾನೆಗಳ ದುಡಿಮೆಯಿಂದ. ಆ ಎರಡು ದಿನ ನಡೆದದ್ದು ಹೋರಾಟ. ಅದನ್ನು ಕಲೆ ಎಂದು ಕರೆದು ಚಂದ ಮಾಡುವುದು ತಪ್ಪು. ಆದರೆ ಯಂತ್ರದ ಮುಂದೆ ತಲೆ ತಗ್ಗಿಸಿ ಕೂತ ದೇಹಗಳು ರಸ್ತೆಯ ನಡುವೆ ಎದ್ದು ನಿಂತಾಗ ಏನಾಗುತ್ತದೆಂದು ಅದು ತೋರಿಸಿತು. ಅಂಥ ಎಚ್ಚರ ಎರಡು ದಿನಕ್ಕೆ ಆರಿಹೋಗದಂತೆ ಉಳಿಸಿಕೊಳ್ಳುವುದು ಹೇಗೆ? ಹಾಡಿನಿಂದ, ಕಥನದಿಂದ, ಆಟದಿಂದ. ದೇಹಕ್ಕೆ ಮಾತು ಕಲಿಸದ ಚಳವಳಿ ಮನವಿಪತ್ರವಾಗಿ ತಹಸೀಲ್ದಾರರ ಮೇಜು ಸೇರುತ್ತದೆ. ಚಳವಳಿಯ ನಂಟು ಕಳೆದುಕೊಂಡ ಕಲೆ ಶೋಕಿಯಾಗುತ್ತದೆ.

ಶೋಕಿಯ ಅಪಾಯ ಸಣ್ಣದಲ್ಲ. ಮಾರ್ಚ್ 8 ಬಂದರೆ ಕಚೇರಿಗಳಲ್ಲಿ ರಂಗೋಲಿ ಸ್ಪರ್ಧೆ, ಒಂದೇ ಬಣ್ಣದ ಸೀರೆ, ಮ್ಯೂಸಿಕಲ್ ಚೇರ್, ಕೊನೆಗೆ ಗಂಡು ಅತಿಥಿಗಳ ಉಪದೇಶ. ಹೆಣ್ಣಿನ ದಿನವೂ ಅಪ್ಪಣೆಯ ಪ್ರಕಾರವೇ ನಡೆಯುತ್ತದೆ. ಡೊಳ್ಳು, ವೀರಗಾಸೆಗೆ ಇಂದು ಹೆಣ್ಣುಮಕ್ಕಳು ಇಳಿದಿದ್ದಾರೆ; ನೋಡಿದರೆ ಎದೆ ತುಂಬುತ್ತದೆ. ಆದರೆ ಮಂತ್ರಿಗಳ ಮೆರವಣಿಗೆಯ ಮುಂದೆ ಬಡಿಯುವುದಕ್ಕಷ್ಟೇ ಆ ಡೊಳ್ಳು ಮೀಸಲಾದರೆ ಗಳಿಸಿದ್ದು ಅರ್ಧ ಮಾತ್ರ.

ಹಾಗಾದರೆ ಆಗಬೇಕಾದ್ದೇನು? ಕುರುಕ್ಷೇತ್ರ ಆಡುವ ಪ್ರತಿ ಊರೂ ಹೊರಗಿನಿಂದ ಬರುವ ನಟಿಯರಿಗೆ ಮುಂಗಡವಾಗಿ ಗೊತ್ತುಮಾಡಿದ ಸಂಭಾವನೆ, ಬೀಗವಿರುವ ಕೋಣೆ, ಶೌಚಾಲಯ, ಬೆಳಗಿನ ಜಾವ ಮನೆ ಸೇರಿಸುವ ವಾಹನ ಒದಗಿಸಲಿ. ಊರಿನ ಹೆಣ್ಣುಮಕ್ಕಳಿಗೆ ತಾಲೀಮಿನ ಮನೆಯ ಬಾಗಿಲು ತೆರೆಯಲಿ. ಅವರು ದ್ರೌಪದಿಯ ಪಾತ್ರವನ್ನಷ್ಟೇ ಅಲ್ಲ, ದುರ್ಯೋಧನನ ಪಾತ್ರವನ್ನೂ ಕೇಳಲಿ. ಹೆಣ್ಣುಮಕ್ಕಳ ಸೋಬಾನೆ, ಬೀಸುವ ಹಾಡುಗಳ ಪರಂಪರೆಯನ್ನು ಎಚ್.ಎಲ್. ನಾಗೇಗೌಡರು ಹೆದ್ದಾರಿಯ ಪಕ್ಕದಲ್ಲಿ ಕಟ್ಟಿದ ಜಾನಪದ ಲೋಕ ಕಾಪಾಡುತ್ತಿದೆ. ಅದೇ ಧಾಟಿಯಲ್ಲಿ ಹೆಂಗಸರು ಇಂದಿನ ಸಂಕಟಗಳನ್ನು ಹೊಸದಾಗಿ ಕಟ್ಟಿ ಆಡಲು ಅಲ್ಲಿ ವರ್ಷಕ್ಕೊಂದು ಶಿಬಿರ ನಡೆಯಲಿ. ಸ್ತ್ರೀಶಕ್ತಿ ಸಂಘಗಳ ಸಭೆ ಸಾಲದ ಕಂತಿಗೇ ಮುಗಿಯದಿರಲಿ. ತಿಂಗಳಿಗೊಮ್ಮೆ ತಮ್ಮ ಬದುಕನ್ನು ತಾವೇ ಹೇಳುವ, ಹಾಡುವ, ಆಡುವ ಹೊತ್ತೂ ಇರಲಿ. ಏನು ಆಡಬೇಕು, ಯಾರಿಗೆ ತೋರಿಸಬೇಕು, ಏನನ್ನು ತೋರಿಸಬಾರದು ಎಂಬುದನ್ನು ಅವರೇ ತೀರ್ಮಾನಿಸಲಿ. ಜಾತಿಯ ಮಾತು ಬಂದಾಗ ಮೇಲ್ಜಾತಿಯ ಹೆಂಗಸರು ಕೇಳಿಸಿಕೊಳ್ಳುವುದನ್ನು ಕಲಿಯಲಿ. ದಲಿತ ಹೆಣ್ಣಿನ ಪರವಾಗಿ ಇನ್ನೊಬ್ಬರು ಮಾತಾಡುವುದೂ ಒಂದು ಬಗೆಯ ಅಪ್ಪಣೆಯೇ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಕನಕಪುರದ ಹಳ್ಳಿಯವಳು ಚನ್ನಪಟ್ಟಣದ ಆಟ ನೋಡಲು ಹೋಗಲು ಟಿಕೆಟ್ಟಿನ ಅಡ್ಡಿಯಿಲ್ಲ. ಈಗ ಅಡ್ಡಿಯಿರುವುದು ಮನೆಯಲ್ಲಿ, ರಾತ್ರಿ ಎಲ್ಲಿಗೆ ಎಂದು ಕೇಳುವ ದನಿಯಲ್ಲಿ. ಆ ದನಿಗೆ ಕಾನೂನು ಉತ್ತರ ಕೊಡಲಾರದು, ಸರ್ಕಾರದ ಯೋಜನೆಯೂ ಕೊಡಲಾರದು. ರಂಗದ ಮೇಲೆ ನಿಂತ ಹೆಣ್ಣು ಮತ್ತು ರಂಗದ ಮುಂದೆ ಕೂತ ಹೆಣ್ಣುಗಳು ಸೇರಿ ಕೊಡಬೇಕು. ಹೆಣ್ಣು ತನ್ನ ದೇಹ, ದನಿ, ಹೊತ್ತುಗಳಿಗೆ ತಾನೇ ಒಡತಿಯಾಗಿ ಜನರ ನಡುವೆ ಬಂದು ನಿಲ್ಲುವುದನ್ನು ಊರು ಸಹಜವೆಂದು ಒಪ್ಪುವವರೆಗೆ, ನಮ್ಮ ರಂಗಪ್ರೀತಿಯೂ ದೇವಿಯ ಭಕ್ತಿಯೂ ಅರೆಬರೆಯಾಗಿಯೇ ಉಳಿಯುತ್ತವೆ.